ಫೈಸಲಾ ಆದಮೇಲೆ ಬಂದ ಹೆಳವ

ಕಲಬುರಗಿಯ ಅದಾಲತ್ತಿನಲ್ಲಿ ನಾನು ಸೋತ ದಿನ, ಸೋತದ್ದು ಎಲ್ಲರಿಗಿಂತ ಕಡೆಗೆ ಗೊತ್ತಾದದ್ದು ನನಗೇ. ನಿಜಾಮರ ಕಾಲ ಅದು. ಫೈಸಲಾ, ಅಂದರೆ ತೀರ್ಪು, ಉರ್ದುವಿನಲ್ಲಿ ಓದುತ್ತಿದ್ದರು. ನಾನು ಬಾಗಿಲ ಮಗ್ಗುಲಿಗೆ ಸೆರಗು ಮುಂದಕ್ಕೆಳೆದುಕೊಂಡು, ಮೂರು ವರ್ಷದ ನಿಮ್ಮ ಅವ್ವನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕೂತಿದ್ದೆ. ಓದುವವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಓದಿ ಮುಗಿದ ಮೇಲೆ ನನ್ನ ಭಾವನವರು, ಅಂದರೆ ನಿಮ್ಮ ಅಜ್ಜನ ಅಣ್ಣ, ಎದ್ದು ರುಮಾಲು ಸರಿಮಾಡಿಕೊಂಡರು. ನನ್ನ ಅಣ್ಣ ಕೂತಲ್ಲಿಂದ ಏಳಲಿಲ್ಲ. ಆಗ ತಿಳಿಯಿತು.

ಹೊರಗೆ ಬೇವಿನ ಗಿಡದ ಕೆಳಗೆ ನಮ್ಮ ವಕೀಲರು ಕನ್ನಡದಲ್ಲಿ ಬಿಡಿಸಿ ಹೇಳಿದರು. "ನೋಡ್ರಿ ತಾಯಿ, ನಿಮ್ಮ ಯಜಮಾನ್ರು ತೀರಿಕೊಂಡಾಗ ಅಣ್ಣತಮ್ಮರು ಕೂಡೇ ಇದ್ರು ಅಂತ ಮುನ್ಸಿಫ್ ಸಾಹೇಬರು ಬರದಾರ. ಬ್ಯಾರೆ ಆಗಿದ್ರು ಅನ್ನಾಕ ಪುರಾವೆ ಇಲ್ಲ. ಕೂಡಿದ ಮನ್ಯಾಗ ಗಂಡ ಸತ್ತ ಹೆಣ್ಣಮಗಳಿಗೆ ಅನ್ನ, ಅರಿವಿ ಇಷ್ಟ ಹಕ್ಕು. ಮನಿ, ತೋಟ ಎಲ್ಲಾ ನಿಮ್ಮ ಭಾವನವರಿಗೆ."

"ಒಲಿ ಬ್ಯಾರೆ ಇತ್ತಲ್ರೀ?" ಅಂದ ಅಣ್ಣ.

"ಒಲಿ ಬ್ಯಾರೆ ಮಾಡೋದು ಹೆಣ್ಣಮಕ್ಕಳ ಜಗಳ, ಅದು ಪಾಲಲ್ಲ ಅಂತ ಬರದಾರ."

ನಮ್ಮದು ಜಗಳದ ಒಲೆಯಲ್ಲ ಎಂಬ ಮಾತು ನನ್ನ ಗಂಟಲವರೆಗೆ ಬಂತು. ವಕೀಲರು ಓದಿದವರು, ಗಂಡಸರು. ನಾನು ನಿಮ್ಮ ಅವ್ವನ ಅಂಗಿಯ ಗುಂಡಿ ಹಾಕುತ್ತ ಕೂತೆ.

ಆ ಒಲೆ ಹೇಗೆ ಹೂಡಿದ್ದೆಂದು ನಿಮಗೆ ಹೇಳಬೇಕು. ನಾನು ಕಮಲಾಪುರದ ಆ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ, ಭಾವನವರು, ನೆಗೆಣ್ಣಿ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು, ಎಲ್ಲರೂ ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೆವು. ನೆಗೆಣ್ಣಿ ಅಂದರೆ ಭಾವನವರ ಹೆಂಡತಿ. ನನ್ನನ್ನು "ತಂಗಿ" ಅನ್ನುತ್ತಿದ್ದಳು, ನನಗೆ ತಲೆ ಬಾಚುತ್ತಿದ್ದಳು. ಮೂರು ವರ್ಷದ ಮೇಲೆ ಅತ್ತೆಯೇ ಒಂದು ದಿನ ತಮ್ಮ ಮಕ್ಕಳಿಬ್ಬರನ್ನೂ ಕರೆದು, "ನಾ ಇದ್ದಾಗ ನಕ್ಕೋತ ಬ್ಯಾರೆ ಆಗ್ರಿ. ನಾ ಸತ್ತಮ್ಯಾಲ ಬಡದಾಡಿ ಆಗಬ್ಯಾಡ್ರಿ" ಅಂದರು. ಊರಿನ ಇಬ್ಬರು ಹಿರಿಯರು ಬಂದು ಕೂತರು. ಹಳ್ಳದ ದಂಡೆಯ ಹೊಲ, ಪಡಸಾಲೆಯ ಕಡೆಯ ಮನೆ ಭಾವನವರಿಗೆ. ಕೆಂಪು ಬಾಳೆಯ ತೋಟ, ಹಿತ್ತಲ ಕಡೆಯ ಎರಡು ಖೋಲಿ ನಿಮ್ಮ ಅಜ್ಜನಿಗೆ. ಅತ್ತೆ ಹಳೆಯ ಒಲೆಯಿಂದ ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ತುಂಬಿಕೊಂಡು, ಅಂಗಳ ದಾಟಿ ಬಂದು, ನನ್ನ ಹೊಸ ಒಲೆಗೆ ಸುರಿದರು. ನೆಗೆಣ್ಣಿ ಹಿಂದೆಯೇ ಕಟ್ಟಿಗೆ ಹೊತ್ತು ತಂದಳು. ಆ ದಿನ ಎರಡೂ ಒಲೆಯ ಹೋಳಿಗೆ ಎಲ್ಲರೂ ತಿಂದೆವು.

ಕಾಗದ ಮಾಡಲಿಲ್ಲ. ಹಿರಿಯರಲ್ಲಿ ಒಬ್ಬರು ಕೇಳಿದ್ದು ನನಗೆ ನೆನಪಿದೆ: "ಬರದಿಡೂಣೇನು?" ನಿಮ್ಮ ಅಜ್ಜನೇ ಬೇಡ ಅಂದರು. "ಅಣ್ಣಗ ಕಾಗದ ತೋರಸೋ ದಿನ ಬಂದ್ರ ನಾ ಬದುಕಿ ಏನ್ ಮಾಡ್ಲಿ?" ಅಂತ ನಕ್ಕರು. ನಮ್ಮ ಕಡೆ ಹಾಗೆಯೇ. ಅಣ್ಣತಮ್ಮರ ನಡುವೆ ಕಾಗದ ಬರೆಯುವುದೆಂದರೆ ಮುಖಕ್ಕೆ ಉಗುಳಿದ ಹಾಗೆ.

ಮಾರನೆಯ ವರ್ಷ ಅತ್ತೆ ಹೋದರು. ಅದರ ಮರುವರ್ಷ ನಿಮ್ಮ ಅವ್ವ ಹುಟ್ಟಿದಳು. ಅವಳು ತೆವಳುವಷ್ಟು ಆಗಿದ್ದಾಗ ನಿಮ್ಮ ಅಜ್ಜ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ದಿನಕರ್ಮ ಮುಗಿದ ವಾರವೇ ಭಾವನವರು ನನ್ನ ಒಲೆ ಕೆಡವಿಸಿದರು. ಅವರು ನನ್ನ ಎದುರು ನಿಂತು ಮಾತಾಡುವವರಲ್ಲ. ತಮ್ಮನ ಹೆಂಡತಿಯೊಡನೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ನೆಗೆಣ್ಣಿಯ ಕಡೆ ತಿರುಗಿ, "ಆಕಿಗೆ ಹೇಳು. ನಾವು ಎಂದೂ ಬ್ಯಾರೆ ಆಗಿಲ್ಲ. ನಮ್ಮ ಮನ್ಯಾಗ ಉಣಲಿ, ಇರಲಿ. ಯಾರು ಬ್ಯಾಡ ಅಂತಾರ?" ಅಂದರು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ನಿಮ್ಮ ಅವ್ವನಿಗೆ ದಿನಾ ಬೆಲ್ಲದ ಚೂರು ಕೊಡುತ್ತಿದ್ದರು. ಇಬ್ಬರು ಗಂಡುಮಕ್ಕಳಿದ್ದರು, ತೋಟ ಪರರ ಮನೆಗೆ ಹೋಗುವ ಹುಡುಗಿಯ ಪಾಲಾಗುವುದು ಅವರಿಗೆ ಸಹಿಸಲಾಗಲಿಲ್ಲ, ಅಷ್ಟೆ.

ಅಣ್ಣ ನನ್ನ ಹೆಸರಿನಲ್ಲಿ ಅದಾಲತ್ತಿಗೆ ಹೋದ. ಪಾಲು ಮಾಡಿದ ಹಿರಿಯರಲ್ಲಿ ಒಬ್ಬರು ತೀರಿಹೋಗಿದ್ದರು. ಇನ್ನೊಬ್ಬರು ಭಾವನವರ ಹೊಲದ ನೆರೆಯವರು; ಸಾಕ್ಷಿಗೆ ಬಂದು "ನೆನಪಿಲ್ಲ" ಅಂದರು. ನನ್ನನ್ನು ಕೇಳಿದಾಗ ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದನ್ನು ಬರೆದುಕೊಳ್ಳಲು ಬರುವುದಿಲ್ಲ ಅಂದರು. ಹೀಗೆ ಸೋತೆವು.

ಸೋತ ಮೇಲೆ ಅದೇ ಮನೆಗೆ ಹೋಗಬೇಕಲ್ಲ. "ತವರಿಗೆ ಬಾ" ಅಂದ ಅಣ್ಣ. ಅವನ ಮನೆಯಲ್ಲಿ ಐದು ಮಕ್ಕಳು, ಮಲಗಲು ಒಂದು ಖೋಲಿ. ನಾನು ಬರುವುದಿಲ್ಲ ಅಂದೆ. ಚಕ್ಕಡಿ ಕಪನೂರು ದಾಟುವಾಗ ಮುಂದೆ ಭಾವನವರ ಚಕ್ಕಡಿ ಹೋಗುತ್ತಿತ್ತು. ಅದರ ಧೂಳು ನಮ್ಮ ಮೇಲೆ. ಇಬ್ಬರೂ ಹೋಗುವುದು ಒಂದೇ ಬಾಗಿಲಿಗೆ.

ಆಮೇಲಿನ ದಿನಗಳಲ್ಲಿ ನಾನು ಅವರ ಅಡಿಗೆಮನೆಯ ಮೂಲೆಯಲ್ಲಿ, ಬೀಸುಕಲ್ಲಿನ ಮಗ್ಗುಲಿಗೆ ಚಾಪೆ ಹಾಸಿಕೊಂಡೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದು ಮಾತಾದರೂ ಕೇಳುತ್ತಿತ್ತು. ನಾನು ಬಂದರೆ ನೆಗೆಣ್ಣಿ ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದೆ, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದೆ. ನನ್ನ ಎರಡು ಖೋಲಿಯಲ್ಲಿ ಅವರು ಹೊಟ್ಟು ತುಂಬಿದ್ದರು. ಬಾಳೆಯ ತೋಟದ ಕಡೆ ಹೋಗುವುದನ್ನು ಬಿಟ್ಟೆ. ನಿಮ್ಮ ಅಜ್ಜ ನೆಟ್ಟ ಗಿಡದ ಗೊನೆ ನನ್ನ ಎದುರಿಗೇ ಅಟ್ಟಕ್ಕೇರುತ್ತಿತ್ತು, ಹಣ್ಣಾದ ಮೇಲೆ ನಿಮ್ಮ ಅವ್ವ ಕೈಚಾಚಿ ನಿಂತರೆ ಒಂದು ಕೊಡುತ್ತಿದ್ದರು. ಅವಳು ಕೈಚಾಚುವುದನ್ನು ಕಲಿಯುತ್ತಿದ್ದಳು. ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಅದು. ನಾನು ಹೇಗೂ ಒಂದು ಮೂಲೆಯಲ್ಲಿ ಕಳೆದುಬಿಡಬಹುದು. ಅವಳು ಹುಟ್ಟಿದ ಮನೆಯಲ್ಲಿ ಬೇಡಿ ತಿಂದು ಬೆಳೆಯಬೇಕೆ?

ಸುಗ್ಗಿ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಹಿತ್ತಲಲ್ಲಿ ಬೂದಿ ಹಚ್ಚಿ ಗಡಿಗೆ ತಿಕ್ಕುತ್ತಿದ್ದೆ. ಮುಂಬಾಗಿಲಲ್ಲಿ ಎತ್ತಿನ ಗಂಟೆಯ ಸಪ್ಪಳ, ಆಮೇಲೆ ಉದ್ದನೆಯ ರಾಗದ ದನಿ. ಹೆಳವ ಬಂದಿದ್ದ.

ಹೆಳವರನ್ನು ನೀವು ಕಂಡಿರಲಿಕ್ಕಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬರುತ್ತಾರೆ. ಮನೆತನಗಳ ವಂಶಾವಳಿ ಬರೆದಿಡುವುದು, ಬಂದು ಓದಿ ಹೇಳುವುದು ಅವರ ಕಸುಬು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆಗಳು ಎಂದು ಗೊತ್ತಿರುತ್ತವೆ. ಅವನ್ನು ತಮ್ಮ ಒಕ್ಕಲು ಅನ್ನುತ್ತಾರೆ. ಹೊಸ್ತಿಲ ಮೇಲೆ ಕೂತು ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತ ಬರುತ್ತಾರೆ. ಹುಟ್ಟಿದವರನ್ನು, ಸತ್ತವರನ್ನು, ಬೇರೆ ಆದವರನ್ನು ಪುಸ್ತಕದಲ್ಲಿ ಏರಿಸಿ, ಮನೆಗಿಷ್ಟು ಎಂದು ಜೋಳ, ಅರಿವೆ ಇಸಿದುಕೊಂಡು ಹೋಗುತ್ತಾರೆ. ಎಲ್ಲಿಂದ ಬಂದರು, ಎಲ್ಲಿಗೆ ಹೋದರು, ಯಾರಿಗೂ ಗೊತ್ತಿರುವುದಿಲ್ಲ.

ನಾನು ಗಡಿಗೆ ತಿಕ್ಕುತ್ತ ಕೇಳುತ್ತಿದ್ದೆ. ಇಂಥವನ ಮಗ ಇಂಥವ, ಅವನ ಮಗ ಇಂಥವ ಎನ್ನುತ್ತ ದನಿ ಕೆಳಗೆ ಇಳಿದು ಬಂತು. ನಮ್ಮ ಮಾವನವರ ಹೆಸರು ಬಂತು. ಭಾವನವರದು ಬಂತು. ಆಮೇಲೆ ನಿಮ್ಮ ಅಜ್ಜನ ಹೆಸರು. ಅವರು ಹೋದ ಮೇಲೆ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಆಡಿರಲಿಲ್ಲ. ನನ್ನ ಕೈ ನಿಂತಿತು.

"ಹಿರಿಯವಂದು ಒಂದು ಮನಿ," ಹೆಳವ ಓದುತ್ತಿದ್ದ, "ಹಳ್ಳದ ದಂಡಿ ಹೊಲ, ಪಡಸಾಲಿ ಕಡಿ ಮನಿ. ಕಿರಿಯವಂದು ಒಂದು ಮನಿ. ಬಾಳಿ ತೋಟ, ಹಿತ್ತಲ ಕಡಿ ಎರಡು ಖೋಲಿ. ಹೊಸ ಒಲಿ ಹೂಡ್ಯಾರ. ಎರಡೂ ಮನಿಯಿಂದ ಕಾಣಿಕಿ ಬಂದಾದ."

"ಸಾಕು, ಸಾಕು," ಅಂದರು ಭಾವನವರು. "ಅದೆಲ್ಲಾ ಯಾಕ ಈಗ? ತಮ್ಮ ತೀರಿಕೊಂಡ. ಅಷ್ಟು ಬರಕೋ, ನಡಿ."

"ನೀವ ಬರಸೀರಲ್ರೀ ಯಜಮಾನ್ರ. ಇಲ್ಲೇ ಕೂತು ಹೇಳೀರಿ, ನಾ ಬರದೀನಿ."

"ಹೋಗೋ ಮಾರಾಯ, ಒಂದು ಮೊರ ಜೋಳ ಹೆಚ್ಚಿಗಿ ತಗೊಂಡು ಹೋಗು."

ಗಂಟೆಯ ಸಪ್ಪಳ ದೂರವಾಯಿತು. ನಾವು ಬೇರೆಯಾದ ಮರುವರ್ಷ ಇದೇ ಹೆಳವ ಬಂದಿದ್ದ. ಅದು ನನಗೆ ನೆನಪಿತ್ತು. ನನ್ನ ಕೈಯಿಂದಲೇ ಜೋಳ ಹಾಕಿದ್ದೆ. ಆದರೆ ಅವನು ಹೆಸರು ಹೇಳುವಾಗ ನಾನು ಅಲ್ಲಿರಲಿಲ್ಲ. ಗಂಡನ ಹೆಸರು ಹಿಡಿದು ಕೂಗುವ ಹೊತ್ತಿಗೆ ಸೊಸೆ ಎದುರಿಗೆ ನಿಲ್ಲಬಾರದು. ನಾನು ಕಿವಿಗೆ ಸೆರಗು ಒತ್ತಿಕೊಂಡು ಜೋಳದ ಕೋಣೆಗೆ ಹೋಗಿಬಿಟ್ಟಿದ್ದೆ. ಅಷ್ಟು ನಾಚಿಕೆ ಇರದಿದ್ದರೆ ಆ ಪುಸ್ತಕದಲ್ಲಿ ಏನಿದೆ ಎಂದು ನನಗೆ ಆಗಲೇ ಗೊತ್ತಿರುತ್ತಿತ್ತು.

ಮಧ್ಯಾಹ್ನ ಒಗೆಯುವ ಅರಿವೆಯ ಗಂಟು ಹೊತ್ತು ಹಳ್ಳಕ್ಕೆ ಹೊರಟೆ. ಹುಣಸೆಯ ಗಿಡದ ಕೆಳಗೆ ಹೆಳವನ ಬಿಡಾರ ಇತ್ತು. ಅವನು ಎತ್ತಿನ ಮೈ ತೊಳೆಯುತ್ತಿದ್ದ, ಅವನ ಹೆಂಡತಿ ಒಲೆಯ ಮುಂದೆ ಇದ್ದಳು. ಪರಗಂಡಸಿನ ಎದುರಿಗೆ ನಾನು ಬಾಯಿ ತೆರೆದವಳೇ ಅಲ್ಲ. ಗಿಡಕ್ಕೆ ಮುಖಮಾಡಿ ನಿಂತು, ಹೇಳಬೇಕಾದದ್ದನ್ನು ಹೇಳಿದೆ.

"ಏನಂದಿ?" ಅಂದಳು ಹೆಂಡತಿ. "ಮಗ್ಗಲದಾಗ ನಿಂತೀನಿ, ನನಗ ಕೇಳವಲ್ದು. ಗಿಡಕ್ಕ ಹೇಳಾಕತ್ತೀ ಏನ್ ನಮಗ?"

ಮತ್ತೊಮ್ಮೆ ಹೇಳಿದೆ. ಅದಾಲತ್ತಿನ ಮಾತು ಬಂದಕೂಡಲೆ ಹೆಳವ ತಲೆ ಅಲ್ಲಾಡಿಸಿದ.

"ಆಗೂದಿಲ್ಲವ್ವಾ. ಈ ಪುಸ್ತಕ ಹೊಸ್ತಿಲ ಬಿಟ್ಟು ಮತ್ತೊಂದು ಕಡಿ ತೆರೆಯಂಗಿಲ್ಲ. ನೀನೂ ನನ್ನ ಒಕ್ಕಲ, ನಿಮ್ಮ ಭಾವನೂ ನನ್ನ ಒಕ್ಕಲ. ಒಬ್ಬರ ಅನ್ನ ಉಂಡು ಇನ್ನೊಬ್ಬರ ಮ್ಯಾಲ ಓದಲೇನು?"

"ನನ್ನ ಕಡಿ ಓದಬ್ಯಾಡ್ರಿ," ಅಂದೆ. "ಇದ್ದದ್ದು ಓದ್ರಿ."

ಅವನು ಎತ್ತಿಗೆ ನೀರು ಹಾಕಿದ. ಹೆಂಡತಿ ನನ್ನ ಬೋಳು ಕೈ ನೋಡಿದಳು, ಆಮೇಲೆ ನನ್ನ ಸೆರಗು ಹಿಡಿದು ನಿಂತಿದ್ದ ನಿಮ್ಮ ಅವ್ವನನ್ನು. "ಸರಕಾರದ ಕರಿ ಬಂದ್ರ ಹೋಗೂದ ಆಗ್ತದ," ಅಂದಳು ಗಂಡನಿಗೆ. "ಆವಾಗ ನೀ ಹೋಗಂಗಿಲ್ಲೇನು?"

"ಕರಿ ಬಂದ್ರ ಹೋಗಬೇಕು."

"ಮತ್ತ ಎಲ್ಲಿ ಇರ್ತೀ ಅಂತ ಆಕಿಗೆ ಹೇಳು. ಗಾಳಿಗೆ ಕರಿ ಕಳಸ್ತಾರೇನು?"

ಅವನು ಮುಂದೆ ಹೋಗುವ ಊರುಗಳನ್ನು ಹೇಳಿದ, ಅವುಗಳಲ್ಲಿ ನನ್ನ ತವರೂರೂ ಒಂದು. ಅಣ್ಣನಿಗೆ ಕಾಗದ ಬರೆಯುತ್ತೇನೆಂದೆ. ಮಠದ ಕಟ್ಟೆಯ ಶಾಲೆಯಲ್ಲಿ ಎರಡು ವರ್ಷ ಉಸುಕಿನ ಮೇಲೆ ತೀಡಿದ್ದು ಬಿಟ್ಟರೆ ನಾನು ಏನೂ ಬರೆದವಳಲ್ಲ. ಹೆಳವ ಒಂದು ಹಾಳೆ, ತನ್ನ ಲೆಕ್ಕಣಿಕೆ ಕೊಟ್ಟ. ಗಿಡದ ಬೇರಿನ ಮೇಲೆ ಕೂತು ಬರೆದೆ. ಅದು ನನ್ನ ಮೊದಲ ಪತ್ರ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದವೋ ಗೊತ್ತಿಲ್ಲ, ಹೆಳವ ಒಯ್ದು ಕೊಟ್ಟ, ಅಣ್ಣ ಓದಿಕೊಂಡ. ಎಂಟು ದಿನಕ್ಕೆ ಚಕ್ಕಡಿ ಕಟ್ಟಿಕೊಂಡು ಬಂದ.

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಸಾಲುಕೋಣೆಯಲ್ಲಿ ಇಳಿದುಕೊಂಡೆವು. ದಾಸೋಹದಲ್ಲಿ ಊಟ. ಪರಸ್ಥಳದ ಹೆಂಗಸರು ಗುಂಪುಗುಂಪಾಗಿ ಕೂತು ಹಾಡುತ್ತಿದ್ದರು, ನಗುತ್ತಿದ್ದರು. "ಯಾವೂರವ್ವಾ? ಹರಕಿ ಏನರ ಅದನು?" ಎಂದು ಒಬ್ಬಳು ಕೇಳಿದಳು. ಹೌದು ಅಂದೆ. ಅದಾಲತ್ತಿಗೆ ಬಂದೆ ಅನ್ನಲು ನಾಚಿಕೆಯಾಯಿತು. ಆಮೇಲೆ ಗುಡಿಯಲ್ಲಿ ನಿಂತು, ಸುಳ್ಳು ಹೇಳಿದೆ ತಪ್ಪಾಯಿತು ಎಂದು ಕೈಮುಗಿದೆ.

ವಕೀಲರು ಅಣ್ಣನ ಮಾತು ಕೇಳಿ ನೆಟ್ಟಗೆ ಕೂತರು. "ಇದಕ್ಕ ನಜರ್‌ಸಾನಿ ಅಂತಾರ. ಫೈಸಲಾ ಕೊಟ್ಟ ಸಾಹೇಬರ ಅದನ್ನ ಮತ್ತೊಮ್ಮಿ ನೋಡೋದು. ಹೊಸ ಪುರಾವೆ ಸಿಕ್ಕಾದ, ಬಿಚ್ಚಿ ನೋಡ್ರಿ ಅಂತ ದರಖಾಸ್ತು ಕೊಡೂಣು. ಆದರ ಬಾಗಿಲ ಬಾಳ ಸಣ್ಣದು. ಆ ಪುರಾವೆ ಮೊದಲ ನಿಮಗ ಗೊತ್ತಿರಬಾರದು. ಗೊತ್ತಿದ್ದೂ ತರಲಿಲ್ಲ ಅಂದ್ರ ದರಖಾಸ್ತು ಅಲ್ಲೇ ಖಾರೀಜ್. ಪುಸ್ತಕ ತೆರದೂ ನೋಡಂಗಿಲ್ಲ." ಆಮೇಲೆ ನನ್ನ ಕಡೆ ನೋಡದೆ ಕೇಳಿದರು: "ಆ ವರ್ಷ ಹೆಳವ ಬಂದದ್ದು ನಿಮಗ ಗೊತ್ತಿತ್ತೇನ್ರಿ ತಾಯಿ?"

"ಗೊತ್ತಿತ್ತರಿ. ನಾನ ಜೋಳ ಹಾಕೀನಿ."

"ಇಲ್ಲ," ಅಂದರು. "ಗೊತ್ತಿದ್ದಿಲ್ಲ. ನೀವು ತವರಿಗೆ ಹೋಗಿದ್ರಿ. ತಿಳೀತೇನು? ಒಂದ ಮಾತು. ಅದರ ಮ್ಯಾಲೇ ನಿಂತದ."

ಪೇಶಿಯ, ಅಂದರೆ ವಿಚಾರಣೆಯ, ದಿನದವರೆಗೂ ಆ ಒಂದು ಮಾತನ್ನು ಬಾಯಿಪಾಠ ಮಾಡಿದೆ. ಭಾವನವರ ಮನೆಯಲ್ಲಿ ನೀರು ಸೇದುವಾಗ, ರೊಟ್ಟಿ ಬಡಿಯುವಾಗ, ತವರಿಗೆ ಹೋಗಿದ್ದೆ, ತವರಿಗೆ ಹೋಗಿದ್ದೆ. ಸಲಹೆ ಕೇಳಲು ಯಾರೂ ಇರಲಿಲ್ಲ. ಯಾರಾದರೂ ಒಬ್ಬರು, ಮಾಡು ಅಂತಲೋ ಬೇಡ ಅಂತಲೋ ಹೇಳಿದ್ದರೆ ಸಾಕಿತ್ತು. ನಿಮ್ಮ ಅಜ್ಜ ಇದ್ದಿದ್ದರೆ ಏನನ್ನುತ್ತಿದ್ದರೋ ಎಂದು ಯೋಚಿಸಿದೆ. ಅವರೇ ಕಾಗದ ಬೇಡ ಅಂದವರು. ಅವರ ಮೇಲೆ ನನಗೆ ಸಿಟ್ಟು ಬಂತು, ಮೊದಲ ಸಲ. ಸತ್ತವರ ಮೇಲೆ ಸಿಟ್ಟಾದೆನಲ್ಲ ಎಂದು ಆಮೇಲೆ ಅತ್ತುಬಿಟ್ಟೆ.

ಪೇಶಿಯಲ್ಲಿ ಮುನ್ಸಿಫ್ ಸಾಹೇಬರು ಕನ್ನಡ ಬಲ್ಲ ಕಾರಕೂನನನ್ನು ನನ್ನ ಹತ್ತಿರ ನಿಲ್ಲಿಸಿದರು. ನನ್ನ ಮಾತನ್ನು ಅವನು ಉರ್ದುವಿನಲ್ಲಿ ಹೇಳಬೇಕು. ಸಾಹೇಬರಿಗೆ ವಯಸ್ಸಾಗಿತ್ತು, ಗಡ್ಡ ಬೆಳ್ಳಗಿತ್ತು. ಭಾವನವರ ವಕೀಲ ದೊಡ್ಡ ದನಿಯವನು. ಅವನೇ ಮೊದಲು ಎದ್ದ.

"ಹೆಳವ ಅನ್ನೋನು ಇದ್ದಾನ ಅಂತ ಈಕಿಗೆ ಮೊದಲಿಂದ ಗೊತ್ತು. ಆ ವರ್ಷ ಈಕಿ ಮನ್ಯಾಗೇ ಇದ್ದಳು. ಕೇಳ್ರಿ, ಇಲ್ಲ ಅಂತಾಳೇನು?"

ಕಾರಕೂನ ನನ್ನನ್ನು ಕೇಳಿದ. ನಮ್ಮ ವಕೀಲರು ಕಿಟಕಿಯ ಕಡೆ ನೋಡುತ್ತಿದ್ದರು. ಭಾವನವರು ನೆಲ ನೋಡುತ್ತಿದ್ದರು. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಮನ್ಯಾಗೇ ಇದ್ದೆರಿ," ಅಂದೆ. "ಜೋಳ ನಾನ ಹಾಕೀನಿ."

ನಮ್ಮ ವಕೀಲರು ಹಣೆಗೆ ಕೈಹಚ್ಚಿದರು. ಅಣ್ಣ "ಅಯ್ಯ ತಂಗಿ" ಅಂದದ್ದು ಕೇಳಿಸಿತು. ದೊಡ್ಡ ದನಿಯ ವಕೀಲ ಇನ್ನೇನು ಉಳಿಯಿತು ಎನ್ನುವಂತೆ ಕೂತ. ಸಾಹೇಬರು ಏನೋ ಕೇಳಿದರು. ಕಾರಕೂನ ಹೇಳಿದ: "ಮತ್ತ ಮೊದಲ ಯಾಕ ಹೇಳಲಿಲ್ಲ ಅಂತ ಕೇಳಾಕತ್ತಾರ. ಜೋರಾಗಿ ಹೇಳವ್ವ."

ಹೇಳಿದೆ. ಹೆಳವ ಬಂದದ್ದು ಗೊತ್ತು, ಅವನು ಏನು ಬರೆದುಕೊಂಡ ಎಂಬುದು ಗೊತ್ತಿಲ್ಲ. ಯಜಮಾನರ ಹೆಸರು ಬರುವ ಹೊತ್ತಿಗೆ ನಾನು ಕಿವಿಮುಚ್ಚಿಕೊಂಡು ಒಳಗೆ ಹೋಗಿದ್ದೆ. ಹೊಸ ಸೊಸೆಯರು ಹಾಗೇ ಹೋಗಬೇಕು. ಆಮೇಲೆ ಕೇಳಲೂ ಬಾರದು. ಈಗ ಮೊನ್ನೆ ಹಿತ್ತಲಲ್ಲಿ ಗಡಿಗೆ ತಿಕ್ಕುವಾಗ ಕೇಳಿದೆ, ಕೈಗೆ ಬೂದಿ ಇತ್ತು, ಕಿವಿಮುಚ್ಚಿಕೊಳ್ಳಲು ಆಗಲಿಲ್ಲ.

ಕಡೆಯ ಮಾತಿಗೆ ಕಾರಕೂನ ನಕ್ಕ. ಉರ್ದುವಿನಲ್ಲಿ ಹೇಳುವಾಗಲೂ ನಗುತ್ತಿದ್ದ. ಸಾಹೇಬರು ನಗಲಿಲ್ಲ. ಹೀಗೂ ಉಂಟೆ ಎಂದು ಅವನನ್ನೇ ಕೇಳಿದರು. ಅವನು ಹಳ್ಳಿಯವನೇ. "ನನ್ನ ಹೇಣ್ತಿ ಬಾಗಲ ಹಾಕೊಂಡು ಕೂಡ್ತಾಳ್ರಿ, ನಾವು ಎದ್ದು ತೆರಸಬೇಕು" ಅಂದನಂತೆ. ಆಗ ಸಾಹೇಬರು ದಾಡಿ ಸವರಿಕೊಂಡು, "ಹಮಾರೆ ಘರ್ ಮೇ ಭೀ ನಾಮ್ ನಹೀ ಲೇತೇ," ಅಂದರು. ಅವರ ಮನೆಯಲ್ಲೂ ಹೆಸರು ಹಿಡಿಯುವುದಿಲ್ಲ ಎಂದು. ದೊಡ್ಡ ದನಿಯ ವಕೀಲ ಬಹಳ ಹೊತ್ತು ವಾದಿಸಿದ. ಸಾಹೇಬರು ಬರೆದು ಮುಗಿಸಿದರು. ಬಂದದ್ದು ಬೇರೆ, ಬರೆದದ್ದು ಬೇರೆ; ಈಕೆ ಗೊತ್ತಿದ್ದೂ ಮುಚ್ಚಿಟ್ಟವಳಲ್ಲ; ಪುಸ್ತಕ ತರಿಸಿ.

ಕರೆ ಹೋಯಿತು. ಮುಂದಿನ ಪೇಶಿಯ ದಿನ ಬೇವಿನ ಗಿಡದ ಕೆಳಗೆ ಮುಂಜಾನೆಯಿಂದ ಕೂತೆವು. ಅಣ್ಣ ಹತ್ತು ಸಲ ದಾರಿಯವರೆಗೆ ಹೋಗಿ ಬಂದ. "ಅವ ಬರೂದಿಲ್ಲ ತಂಗಿ. ಅಲೆಮಾರಿ ಮಂದಿ," ಅಂದ. ಹೊತ್ತು ಇಳಿಯುವಾಗ ಗಂಟೆಯ ಸಪ್ಪಳ ಕೇಳಿತು.

ಎತ್ತನ್ನು ಗಿಡಕ್ಕೆ ಕಟ್ಟಿ, ಪುಸ್ತಕವನ್ನು ಕೆಂಪು ಅರಿವೆಯಲ್ಲಿ ಸುತ್ತಿಕೊಂಡು ಹೆಳವ ಒಳಗೆ ಬಂದ. ಇಲ್ಲಿ ನಿಂತು ಓದು ಅಂದರೆ ಒಪ್ಪಲಿಲ್ಲ. ಹೊಸ್ತಿಲು ಬೇಕು ಅಂದ. ಸಿಪಾಯಿ ಗದರಿಸಿದ. ಸಾಹೇಬರು ಕೈಯೆತ್ತಿ, ಕೂಡಲಿ ಬಿಡು ಅಂದರು. ಅದಾಲತ್ತಿನ ಹೊಸ್ತಿಲ ಮೇಲೆ ಹೆಳವ ಕಾಲು ಮಡಚಿ ಕೂತ. ಒಳಗೆ ಬರುವವರು ಹೊರಗೆ, ಹೊರಗೆ ಹೋಗುವವರು ಒಳಗೆ ನಿಂತರು.

"ತಮ್ಮನ ಪಾಲಿಂದು ಅಷ್ಟ ಓದು," ಅಂದ ಕಾರಕೂನ.

"ನಡುವಿಂದ ಓದೂದು ಬರಂಗಿಲ್ರಿ. ಬುಡದಿಂದ ಬರಬೇಕು." ರಾಗ ತೆಗೆದೇಬಿಟ್ಟ. ಒಂಬತ್ತು ತಲೆಮಾರು. ಯಾರೋ ಆಕಳಿಸಿದರು. ನಾನು ಈ ಸಲ ಎದ್ದು ಹೋಗಲಿಲ್ಲ. ನಿಮ್ಮ ಅಜ್ಜನ ಹೆಸರು ಅಷ್ಟು ಜನರ ನಡುವೆ, ಗಟ್ಟಿಯಾಗಿ, ರಾಗದಲ್ಲಿ ಬಂತು. ಹಿರಿಯವನದೊಂದು ಮನೆ, ಕಿರಿಯವನದೊಂದು ಮನೆ. ಹೊಸ ಒಲೆ. ಎರಡು ಕಾಣಿಕೆ.

ದೊಡ್ಡ ದನಿಯ ವಕೀಲ ಎದ್ದು, ಇದು ಆಮೇಲೆ ಬರೆದು ಸೇರಿಸಿದ್ದು ಅಂದ. ಹೆಳವನಿಗೆ ಸಿಟ್ಟು ಬಂತು. ಪುಸ್ತಕವನ್ನು ತೊಡೆಯ ಮೇಲೆ ಅಗಲಿಸಿ ಹಿಡಿದು, ವಕೀಲನಿಗಲ್ಲ, ಭಾವನವರಿಗೆ ಹೇಳಿದ:

"ಯಜಮಾನ್ರ, ನೀವ ಹೇಳ್ರಿ. ಸುಳ್ಳಂದ್ರ ಸುಳ್ಳ ಅನ್ರಿ. ಈ ಹಾಳಿ ಹರದು ಒಲಿಗೆ ಹಾಕ್ತೀನಿ. ಸುಳ್ಳಿನ ಹಾಳಿ ನಾ ಇಟ್ಟುಕೊಳ್ಳಂಗಿಲ್ಲ. ಆದರ ನಿಮ್ಮ ಇಬ್ಬರು ಗಂಡಮಕ್ಕಳ ಹೆಸರೂ ಇದ ಹಾಳ್ಯಾಗ ಅವ. ಅವೂ ಹೋಗ್ತಾವ. ನಾಳೆ ಅವರು ಯಾರ ಮಕ್ಕಳು ಅಂತ ಕೇಳಿದ್ರ ನನ್ನ ಕಡಿ ಬರಬ್ಯಾಡ್ರಿ."

ಭಾವನವರ ವಕೀಲ ಅವರ ಭುಜ ಮುಟ್ಟಿದ. ಅವರು ಭುಜ ಸರಿಸಿಕೊಂಡರು. "ಹರೀಬ್ಯಾಡ," ಅಂದರು. ಆಮೇಲೆ ಸಾಹೇಬರ ಕಡೆ ತಿರುಗಿ, "ಹೌದ್ರಿ. ನಾನ ಬರಸೀನಿ" ಅಂದರು.

ಹಳೆಯ ಫೈಸಲಾ ಬಿದ್ದುಹೋಯಿತು. ಹೊಸದರಲ್ಲಿ, ಅಣ್ಣತಮ್ಮರು ಮೊದಲೇ ಬೇರೆಯಾಗಿದ್ದರು, ತಮ್ಮನ ಪಾಲು ನಾನು ಬದುಕಿರುವವರೆಗೆ ನನ್ನದು, ನನ್ನ ಹಿಂದೆ ಮಗಳದು ಎಂದು ಬರೆದರು. ಅಣ್ಣ ಪೇಢೆ ಹಂಚಿದ. ನಾನು ಒಂದು ಚೂರು ನಿಮ್ಮ ಅವ್ವನ ಬಾಯಿಗಿಟ್ಟೆ.

ಭಾವನವರು ತಾವೇ ನಿಂತು ಅಂಗಳದ ನಡುವೆ ಗೋಡೆ ಕಟ್ಟಿಸಿದರು. ನೂಲು ಹಿಡಿದು, ಒಂದು ಗೇಣೂ ಆಚೀಚೆ ಆಗದಂತೆ. ಖೋಲಿಯೊಳಗಿನ ಹೊಟ್ಟು ತೆಗೆಸಿ, ಸಾರಿಸಿ ಕೊಡಿಸಿದರು. ನೆಗೆಣ್ಣಿ ನನ್ನ ಗಡಿಗೆಗಳನ್ನು ಗೋಡೆಯ ಈಚೆಗೆ ಒಂದೊಂದೇ ತಂದಿಟ್ಟಳು, ಮುಖ ನೋಡಲಿಲ್ಲ. ನಾನು "ಅಕ್ಕಾ" ಅಂದೆ. ಅವಳು ಇನ್ನೊಂದು ಗಡಿಗೆ ತರಲು ಹೋದಳು. ಆಮೇಲೆ ಎಷ್ಟೋ ವರ್ಷ ಅವಳ ಬಳೆಯ ಸಪ್ಪಳ, ಕೆಮ್ಮು, ಮಕ್ಕಳನ್ನು ಕರೆಯುವ ದನಿ ಗೋಡೆಯ ಆಚೆಯಿಂದ ಕೇಳುತ್ತಿದ್ದೆ. ನನ್ನ ಹೊಸ ಒಲೆಯನ್ನು ಬೆಂಕಿಪೆಟ್ಟಿಗೆಯಿಂದ ಹಚ್ಚಿದೆ. ಇಬ್ಬರಿಗೆ ನಾಲ್ಕು ರೊಟ್ಟಿ. ಒಲೆ ಕಾಯುವುದರೊಳಗೆ ಅಡಿಗೆ ಮುಗಿಯುತ್ತಿತ್ತು. ಗೆದ್ದ ಮೇಲೆ ಇಷ್ಟು ಸದ್ದಿಲ್ಲದ ಮನೆಯಲ್ಲಿ ಇರಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಆದರೆ ಬಾಳೆಗೊನೆ ನಮ್ಮ ಅಟ್ಟದಲ್ಲೇ ಹಣ್ಣಾಗುತ್ತಿತ್ತು. ನಿಮ್ಮ ಅವ್ವ ಕೇಳದೆ ಕಿತ್ತು ತಿನ್ನುತ್ತಿದ್ದಳು. ಅದನ್ನು ನೋಡುತ್ತ ಕೂಡುತ್ತಿದ್ದೆ.

ನಿಮ್ಮ ಅವ್ವನಿಗೆ ಎಂಟು ವರ್ಷವಾದಾಗ ಹೆಳವ ಮತ್ತೆ ಬಂದ. ಮೊದಲು ಗೋಡೆಯ ಆಚೆ ಓದಿದ. ಭಾವನವರ ಹಿರಿಯ ಮಗನ ಮದುವೆ, ಸೊಸೆಯ ತವರು, ಎಲ್ಲ ಏರಿಸಿಕೊಂಡ. ಆಮೇಲೆ ನನ್ನ ಹೊಸ್ತಿಲಿಗೆ ಬಂದು ಕೂತ. ಬುಡದಿಂದ ಹಿಡಿದು ಹೇಳುತ್ತ ಬಂದು ನಿಮ್ಮ ಅಜ್ಜನ ಹೆಸರು ಹೇಳಿ, ನಿಂತ. ಪುಸ್ತಕ ಮಡಿಸತೊಡಗಿದ.

"ಮುಂದ?" ಅಂದಳು ನಿಮ್ಮ ಅವ್ವ.

"ಮುಂದ ಇಲ್ಲವ್ವಾ. ಇಲ್ಲಿಗೆ ಮುಗೀತು."

"ನಾನದೀನಲ್ಲ?"

ಅವನು ನಕ್ಕ, ಕೆಟ್ಟ ನಗೆಯಲ್ಲ. "ಹೆಣ್ಣಮಕ್ಕಳನ್ನ ಹುಟ್ಟಿದ ಮನಿ ಹಾಳ್ಯಾಗ ಬರಿಯಂಗಿಲ್ಲವ್ವಾ."

"ಬರೀರಿ," ಅಂದೆ ನಾನು. ಬಾಗಿಲಲ್ಲೇ ನಿಂತಿದ್ದೆ.

"ಪದ್ಧತಿ ಇಲ್ಲ ತಾಯಿ."

"ಅದಾಲತ್ತಿನ ಹೊಸ್ತಿಲ ಮ್ಯಾಲ ತೆರಿಯೂ ಪದ್ಧತಿನೂ ಇರಲಿಲ್ಲ."

ಎತ್ತಿನ ಹಗ್ಗ ಹಿಡಿದು ನಿಂತಿದ್ದ ಅವನ ಹೆಂಡತಿ, "ಕೇಳಿದೇನು? ಗಿಡಕ್ಕ ಮಾತಾಡಾಕಿ ಈಗ ನಿನಗ ಮಾತಾಡಾಕತ್ತಾಳ," ಅಂದಳು. ಹೆಳವ ಪುಸ್ತಕದ ಮೇಲೆ ಕೈಯಿಟ್ಟ. "ಅವತ್ತು ಇದ್ದದ್ದು ಓದೀನಿ ತಾಯಿ. ಇಲ್ಲದ್ದು ಬರಿಯಾಕ ಇದು ನನ್ನ ಪುಸ್ತಕ ಅಲ್ಲ, ನಮ್ಮ ಹಿರಿಯಾರದು," ಅಂದ. ಕೆಂಪು ಅರಿವೆ ಸುತ್ತಿ ಗಂಟು ಹಾಕಿದ.

ನಾನು ಒಳಗೆ ಹೋಗಿ ಮೊರದಲ್ಲಿ ಜೋಳ ತಂದು ಅವನ ಚೀಲಕ್ಕೆ ಸುರಿದೆ. ಅವನ ಹೆಂಡತಿಗೆ ಒಂದು ಕುಪ್ಪಸದ ಅರಿವೆ ಕೊಟ್ಟೆ. ಅವರು ಹೋದರು.

ನಿಮ್ಮ ಅವ್ವ ಹೊಸ್ತಿಲ ಮೇಲೆ ಕೂತೇ ಇದ್ದಳು. ಊಟಕ್ಕೆ ಬಾ ಅಂದೆ, ಬರಲಿಲ್ಲ. ರೊಟ್ಟಿಯ ಮೇಲೆ ಬುಟ್ಟಿ ಮುಚ್ಚಿಟ್ಟು, ನಾನೇ ಹೋಗಿ ಅವಳ ಮಗ್ಗುಲಿಗೆ ಕೂತೆ.